ಮೂರು ತಾಸಿನ ದೂರ

ಅರವತ್ತೊಂದನೆಯ ಉತ್ತರಪತ್ರಿಕೆಯಲ್ಲಿಯೂ ಗಂಗಾನದಿ ಅರಬ್ಬೀ ಸಮುದ್ರವನ್ನೇ ಸೇರಿತ್ತು. ಧೂಳಪ್ಪ ಕೆಂಪು ಪೆನ್ಸಿಲನ್ನು ಆ ಸಾಲಿನ ಮೇಲೆ ಹಿಡಿದು ಕೂತ. ಒಂದೇ ಬೆಂಚಿನ ಐವರೂ ಒಬ್ಬರನ್ನೊಬ್ಬರು ನೋಡಿ ಬರೆದಿದ್ದರು. ಮೊದಲನೆಯವನಿಗೆ ಸೊನ್ನೆ ಹಾಕುವಾಗ ಸಿಟ್ಟು ಬಂದಿತ್ತು, ಮೂರನೆಯವನ ಹೊತ್ತಿಗೆ ಬರೀ ಬೇಸರ, ಈಗ ಐದನೆಯವನದು ಕೈಗೆ ಬಂದಾಗ ಗಂಗೆ ಎಲ್ಲಿಗೆ ಹೋದರೆ ತನಗೇನು ಎನ್ನಿಸಿ ಅರ್ಧ ಅಂಕ ಕೊಟ್ಟುಬಿಟ್ಟ. ಸಿಂದಗಿಯ ಹೈಸ್ಕೂಲಿನ ಶಿಕ್ಷಕರ ಕೋಣೆಯ ತಗಡು ಏಪ್ರಿಲ್ ತಿಂಗಳ ಬಿಸಿಲಿಗೆ ಒಂಬತ್ತು ಗಂಟೆಗೇ ಟಿಕ್ ಟಿಕ್ ಎನ್ನತೊಡಗಿತ್ತು. ಎದುರಿನ ಮೇಜಿನಲ್ಲಿ ಹಿಂದಿ ಮಾಸ್ತರ ಒದ್ದೆ ಟವೆಲನ್ನು ತಲೆಯ ಮೇಲೆ ಹಾಕಿಕೊಂಡು ಪೇಪರು ತಿದ್ದುತ್ತಿದ್ದ. ಧೂಳಪ್ಪನಿಗೆ ತಲೆಯೊಳಗೆ ಬೇರೇನೋ ಕೂತಿತ್ತು. ಬೆಳಿಗ್ಗೆ ಶಾಲೆಗೆ ಬರುವಾಗ ಅವನು ಯಾವತ್ತಿನ ಹಾದಿಯನ್ನು ಬಿಟ್ಟು ಎಣ್ಣೆಗಾಣದ ಹಿಂದಿನ ಸಂದಿಯಲ್ಲಿ ಬಂದಿದ್ದ. ಯಾವತ್ತಿನ ಹಾದಿಯಲ್ಲಿ ಬಳೆಗಾರತಿ ಲಾಲಬಿಯ ಮನೆ ಇತ್ತು. ಆ ಮನೆಯ ಮುಂದೆ ಜನ ನಿಂತದ್ದನ್ನೂ ಒಳಗಿನಿಂದ ಹೆಂಗಸರ ದನಿ ಬಂದದ್ದನ್ನೂ ಅವನು ದೂರದಿಂದಲೇ ಕಂಡು, ಕೇಳಿ, ಚಪ್ಪಲಿಯೊಳಗೆ ಹರಳು ಸೇರಿದವನ ಹಾಗೆ ಒಂದು ಗಳಿಗೆ ಬಗ್ಗಿ, ಎದ್ದು, ಸಂದಿಯೊಳಗೆ ಹೊರಳಿಕೊಂಡಿದ್ದ. ಯಾರೂ ನೋಡಿರಲಿಕ್ಕಿಲ್ಲ. ನೋಡಿದ್ದರೂ ಮಾಸ್ತರರಿಗೆ ಹೊತ್ತಾಗಿದೆ ಎಂದುಕೊಂಡಾರು. ಆದರೆ ಬಗ್ಗಿದಾಗ ಚಪ್ಪಲಿಯೊಳಗೆ ಹರಳು ಇರಲಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಲಾಲಬಿ ಹಾಸಿಗೆ ಹಿಡಿದು ಎಂಟು ದಿನವಾಗಿತ್ತು. ಹೆಂಡತಿ ಸಾತವ್ವ ಎರಡು ಸಲ ಹೇಳಿದ್ದಳು, ಹೋಗಿ ನೋಡಿ ಬನ್ನಿ, ಆಕೆ ನಿಮ್ಮ ಹೆಸರು ತೆಗೀತಾಳಂತೆ ಎಂದು. ನಾಳೆ ಹೋದರಾಯಿತು ಎಂದಿದ್ದ. ಪರೀಕ್ಷೆಯ ಗಡಿಬಿಡಿ ಎಂದಿದ್ದ. ಹೋಗದಿರುವುದಕ್ಕೆ ಇನ್ನೊಂದು ಕಾರಣ ಇದೆಯೆಂದು ಸಾತವ್ವನಿಗೂ ಗೊತ್ತಿರಬಹುದೆಂಬ ಸಂಶಯ ಅವನಿಗಿತ್ತು. ಆದರೆ ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಇಂಥವನ್ನು ಮುಟ್ಟದೆ ಬಿಡುವುದನ್ನು ಇಬ್ಬರೂ ಕಲಿತಿದ್ದರು.

ಬಾಗಿಲಲ್ಲಿ ನೆರಳು ಬಿತ್ತು. ಲಾಲಬಿಯ ತಮ್ಮ ಚಾಂದಸಾಬ. ಪೇಟೆಯಲ್ಲಿ ಹೊಲಿಗೆಯ ಅಂಗಡಿ ಇಟ್ಟವನು, ಧೂಳಪ್ಪನ ಅಂಗಿಗಳನ್ನೆಲ್ಲ ಹೊಲಿದುಕೊಟ್ಟವನು. ಅಳತೆಯ ಪಟ್ಟಿ ಇನ್ನೂ ಅವನ ಕೊರಳಲ್ಲಿತ್ತು. ಅಂಗಡಿ ತೆರೆದಿರಲಿಕ್ಕಿಲ್ಲ, ನಿನ್ನೆ ಹಾಕಿಕೊಂಡದ್ದನ್ನು ತೆಗೆಯುವುದೇ ಮರೆತಿರಬೇಕು. ಅವನು ಒಳಗೆ ಬರಲಿಲ್ಲ. ಚೌಕಟ್ಟಿಗೆ ಕೈ ಕೊಟ್ಟು ನಿಂತು, ಅಕ್ಕ ಬೆಳಗಿನ ಐದಕ್ಕೆ ಹೋದಳೆಂದು ಹೇಳಿದ. ಧೂಳಪ್ಪ ಎದ್ದು ನಿಂತ. ಗೊತ್ತಿರದ ಸುದ್ದಿಯನ್ನು ಕೇಳಿದವನ ಮುಖ ಮಾಡಬೇಕಾಯಿತು, ಮಾಡಿದ. ತನ್ನ ಮುಖ ತಾನು ಹೇಳಿದ ಹಾಗೆ ಕೇಳಿದ್ದನ್ನು ಕಂಡು ಹೇಸಿಗೆ ಎನ್ನಿಸಿತು.

ಚಾಂದಸಾಬ ಕಿಸೆಯಿಂದ ಮಡಚಿದ ತಾರಿನ ಕಾಗದವನ್ನು ತೆಗೆದ. ಭಾನುವಾರ ಅಕ್ಕನಿಗೆ ಜಾಸ್ತಿಯಾದಾಗ ಕುವೈತಿಗೆ ತಾರು ಕೊಟ್ಟಿದ್ದರು. ಅದರ ಉತ್ತರ ಈಗ, ಎಲ್ಲ ಮುಗಿದು ನಾಲ್ಕು ತಾಸಾದ ಮೇಲೆ ಬಂದಿತ್ತು. ಪೋಸ್ಟಿನವರು ಓದಿ ಹೇಳಿದ್ದರು: ಸಗೀರಾ ಸೋಮವಾರ ರಾತ್ರಿಯ ವಿಮಾನಕ್ಕೆ ಹೊರಡುತ್ತಾಳೆ. ಸೋಮವಾರವೆಂದರೆ ನಿನ್ನೆ. ಸಗೀರಾ ಎಂದರೆ ಲಾಲಬಿಗಿದ್ದ ಒಬ್ಬಳೇ ಮಗಳು, ಮೂರು ವರ್ಷದ ಹಿಂದೆ ಇದೇ ಶಾಲೆಯ ಹತ್ತನೆಯ ಇಯತ್ತೆಯಲ್ಲಿ, ಹುಡುಗಿಯರ ಸಾಲಿನ ಎರಡನೆಯ ಬೆಂಚಿನಲ್ಲಿ ಕೂಡುತ್ತಿದ್ದವಳು.

“ಹಿರ್ಯಾರು ಮಧ್ಯಾಹ್ನದ ನಮಾಜಿಗೆ ಎತ್ತೂಣು ಅನ್ನಾಕತ್ತಾರ್ರಿ,” ಅಂದ ಚಾಂದಸಾಬ. “ಬ್ಯಾಸಗಿ ಐತಿ, ಇಡೂದು ಬರೂದಿಲ್ಲ. ಆದ್ರ ಹುಡುಗಿ ಹೊಂಟಾಳ. ಕಾಯೂದೋ ಬಿಡೂದೋ ನೀವ ಹೇಳಬೇಕು ಮಾಸ್ತರ. ಅಕ್ಕ ಯಾವತ್ತೂ ಅಂತಿದ್ಲು, ಆ ದೂರದ ಲೆಕ್ಕ ಮಾಸ್ತರಿಗೆ ಗೊತ್ತೈತಿ ಅಂತ.”

ಹಿಂದಿ ಮಾಸ್ತರ ತಲೆಯ ಮೇಲಿನ ಟವೆಲು ತೆಗೆದ. ಪಕ್ಕದ ಕೋಣೆಯಿಂದ ಹೆಡ್ ಮಾಸ್ತರರೂ ಬಂದು ನಿಂತರು. ಎಲ್ಲರೂ ತನ್ನನ್ನು ನೋಡುತ್ತಿದ್ದಾರೆ ಎಂದು ಧೂಳಪ್ಪನಿಗೆ ಅನ್ನಿಸಿತು. ಹೊರ್ತಿಯ ಒಕ್ಕಲುತನದ ಮನೆಯಿಂದ ಬಂದು, ಇಪ್ಪತ್ತು ವರ್ಷ ಭೂಗೋಳ ಹೇಳಿ, ಮುಂಬಯಿಯನ್ನು ಕೂಡ ಕಾಣದ ಮನುಷ್ಯ ಅವನು. ಸೊಲ್ಲಾಪುರದ ಆಚೆಗೆ ಹೋದವನಲ್ಲ. ಹೋದ ತಿಂಗಳು ಇನ್‌ಸ್ಪೆಕ್ಟರು ಬಂದಾಗ ಮಕ್ಕಳೆದುರೇ, ಭೂಗೋಳದ ಮಾಸ್ತರರು ಸಮುದ್ರ ನೋಡಿದ್ದೀರೇನು ಎಂದು ಕೇಳಿ ನಕ್ಕಿದ್ದರು, ಮಕ್ಕಳೂ ನಕ್ಕಿದ್ದರು. ಈಗ ಒಬ್ಬರ ಮನೆಯ ಹೆಣ ಎತ್ತುವುದೋ ಇಡುವುದೋ ಎಂಬುದು ಅವನ ಬಾಯಿಯಿಂದ ಬರುವ ಮಾತಿನ ಮೇಲೆ ನಿಂತಿತ್ತು. ಗೊತ್ತಿಲ್ಲ ಎಂದು ಹೇಳಬಹುದಿತ್ತು. ಹಾಗೆ ಹೇಳಬಹುದಿತ್ತೆಂದು ಅವನಿಗೆ ಹೊಳೆದದ್ದು ಬಹಳ ಹೊತ್ತಿನ ಮೇಲೆ. ಆ ಗಳಿಗೆಯಲ್ಲಿ ಅವನು ಅಲಮಾರಿಯ ಬಾಗಿಲು ತೆಗೆದು ದೊಡ್ಡ ಅಟ್ಲಾಸನ್ನು ಮೇಜಿನ ಮೇಲೆ ಬಿಡಿಸಿದ, ಚಾಂದಸಾಬನ ಕೊರಳಿನ ಪಟ್ಟಿಯನ್ನು ಕೇಳಿ ಇಸಿದುಕೊಂಡ, ಮುಂಬಯಿಯ ಚುಕ್ಕೆಯ ಮೇಲೆ ಅದರ ತುದಿ ಇಟ್ಟು ಅರಬ್ಬೀ ಸಮುದ್ರದ ನೀಲಿಯನ್ನು ದಾಟಿಸಿ ಕುವೈತಿನ ಚುಕ್ಕೆಗೆ ಎಳೆದ. ನಾಲ್ಕು ಇಂಚು, ಮೇಲೆ ಒಂದು ಗೀಟು. ಹದಿನೇಳುನೂರು ಮೈಲು. ಜೆಟ್ ವಿಮಾನಕ್ಕೆ ತಾಸಿಗೆ ಐನೂರೈವತ್ತು. ಈ ಅಳತೆ ಅವನಿಗೆ ಮೊದಲೇ ಗೊತ್ತಿತ್ತು, ಬಾಯಿಪಾಠವಿತ್ತು, ಆದರೂ ಅಳೆದ. ರಾತ್ರಿ ಎಂಟಕ್ಕೆ ಬಿಟ್ಟರೂ ನಮ್ಮ ಗಡಿಯಾರದ ಪ್ರಕಾರ ಒಂದೂವರೆ, ಎರಡಕ್ಕೆ ಮುಂಬಯಿ. ಬೆಳಗಿನ ರೈಲು ಸಿಕ್ಕರೆ ಮಧ್ಯಾಹ್ನಕ್ಕೆ ಸೊಲ್ಲಾಪುರ. ಅಲ್ಲಿಂದ ಇಂಡಿಯ ಮೇಲೆ ಹಾಯ್ದು ಬರುವ ಬಸ್ಸು. ಆರು ಗಂಟೆಯ ಬಸ್ಸು ತಪ್ಪುವುದಿಲ್ಲ. ಮುಂಬಯಿಯಲ್ಲಿ ಮುಂಚಿನ ರೈಲೇ ಸಿಕ್ಕಿದ್ದರೆ ನಾಲ್ಕರ ಬಸ್ಸಿಗೇ ಬಂದಾಳು.

“ವಿಮಾನ ಮೂರು ತಾಸ ಐತಿ ಚಾಂದಸಾಬ,” ಅಂದ. “ಕಾಯ್ರಿ. ಬರ್ತಾಳ.”

ಚಾಂದಸಾಬ ಪಟ್ಟಿಯನ್ನು ಮತ್ತೆ ಕೊರಳಿಗೆ ಹಾಕಿಕೊಂಡು ಹೋದ. ಹೆಡ್ ಮಾಸ್ತರರು ಅಟ್ಲಾಸಿನ ಮೇಲೆ ಬಗ್ಗಿ ನೋಡಿ, ಪರವಾಗಿಲ್ಲ, ಭಾಳ ಹತ್ತರ ಬಂತಲ್ಲ ಜಗತ್ತು, ಎಂದರು. ಧೂಳಪ್ಪನಿಗೆ ಆ ಮಾತು ಎಲ್ಲೋ ಕೇಳಿದ ಹಾಗಿತ್ತು. ಕೇಳಿದ್ದಲ್ಲ, ತಾನೇ ಆಡಿದ್ದು. ಅಂದು ಶಾಲೆಯ ಪಡಸಾಲೆಯ ಕಟ್ಟೆಯ ಮೇಲೆ ಲಾಲಬಿ ಬಳೆಯ ಬುಟ್ಟಿ ಇಳಿಸಿ ಕೂತಿದ್ದಳು. ಎಪ್ಪತ್ತನಾಲ್ಕರ ಜನವರಿ, ಕುಸುಬಿ ಹೂವಿನ ಹೊತ್ತು. ಬುಟ್ಟಿಯ ಮೇಲೆ ಮುಚ್ಚಿದ್ದ ಕೆಂಪು ಅರಿವೆ ಗಾಳಿಗೆ ಏಳುತ್ತಿತ್ತು, ಆಕೆ ಅದನ್ನು ಒಂದು ಕೈಯಿಂದ ಒತ್ತಿ ಹಿಡಿದಿದ್ದಳು. ಗಂಡನನ್ನು ಕಳೆದುಕೊಂಡ ಮೇಲೆ ಹದಿಮೂರು ವರ್ಷ ಆ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಯಂಕಂಚಿ, ಇಂಡಿ, ಬಾಗೇವಾಡಿಯ ಸಂತೆಗಳನ್ನು ತಿರುಗಿ ಮಗಳನ್ನು ಹತ್ತನೆಯವರೆಗೆ ಓದಿಸಿದವಳು. ಸೊಲ್ಲಾಪುರದ ಕಡೆಯ ಒಂದು ಸಂಬಂಧ ಬಂದಿತ್ತು. ಹುಡುಗ ಶಮಶುದ್ದೀನ ಕುವೈತಿನ ಯಾವುದೋ ಎಣ್ಣೆಯ ಕಂಪನಿಯಲ್ಲಿ ಮೋಟಾರು ಮೆಕ್ಯಾನಿಕ್, ಹೆಂಡತಿಯನ್ನು ಕರೆದುಕೊಂಡು ಹೋಗುವವನು, ಮುಂದಿನ ತಿಂಗಳೇ ಮದುವೆಯಾಗಬೇಕೆನ್ನುವವನು. ಇನ್ನೆರಡು ತಿಂಗಳಿಗೆ ಪರೀಕ್ಷೆ. ಲಾಲಬಿ ಬರುವ ಒಂದು ವಾರದ ಹಿಂದೆ ಸಗೀರಾ ಎಲ್ಲರೂ ಹೋದ ಮೇಲೆ ವರ್ಗದ ಬಾಗಿಲಲ್ಲಿ ನಿಂತು, ಸರ್, ನೀವೊಮ್ಮೆ ಅವ್ವಗ ಹೇಳ್ರಿ, ಪರೀಕ್ಷಾ ಆದ ಮ್ಯಾಲೆ ಮಾಡಂತ, ನೀವು ಹೇಳಿದ್ರ ಕೇಳ್ತಾಳ ಎಂದಿದ್ದಳು. ನೆಲ ನೋಡಿಕೊಂಡೇ ಹೇಳಿದ್ದಳು. ಭಾನುವಾರ ಬರುತ್ತೇನೆ ಎಂದು ಅವನು ಮಾತು ಕೊಟ್ಟಿದ್ದ. ಭಾನುವಾರ ಮಧ್ಯಾಹ್ನ ಉಂಡು ಮಲಗಿದವನು ಎದ್ದಾಗ ಐದಾಗಿತ್ತು. ಆಮೇಲೆ ಹೋಗಬಹುದಿತ್ತು. ಬೇರೆಯವರ ಜಾತಿಯ ಮದುವೆಯ ಮಾತಿನಲ್ಲಿ ಮಾಸ್ತರ ಯಾಕೆ ತಲೆ ಹಾಕಿದ ಎಂದು ನಾಲ್ಕು ಜನ ಅಂದಾರು ಎಂದು, ಚಹಾ ಕುಡಿಯುತ್ತ, ತನಗೆ ತಾನೇ ಹೇಳಿಕೊಂಡಿದ್ದ.

ಹಾಗಾಗಿ ಲಾಲಬಿಯೇ ಅವನನ್ನು ಹುಡುಕಿಕೊಂಡು ಬಂದಿದ್ದಳು. ಆಕೆ ಕೇಳಿದ್ದು ಒಂದೇ ಪ್ರಶ್ನೆ. ಭಾಳ ದೂರೇನ್ರಿ ಮಾಸ್ತರ ಆ ಊರು? ಅದಕ್ಕೆ ಉತ್ತರ ಅವನ ಬಳಿ ಇತ್ತು. ಇನ್ನೊಂದು, ಕೇಳದೆ ಇದ್ದ ಪ್ರಶ್ನೆಗೂ ಉತ್ತರ ಇತ್ತು. ಹುಡುಗಿ ಜಾಣಳಿದ್ದಾಳೆ, ಓದಲಿ, ಕಳಿಸಬೇಡ ಎಂಬುದು. ಪಡಸಾಲೆಯ ಆ ತುದಿಯಲ್ಲಿ ಜನ ಓಡಾಡುತ್ತಿದ್ದರು. ತಲೆ ನೋಯುತ್ತಿತ್ತು. ಮೂರು ತಾಸಿನ ಹಾದಿ ಲಾಲಬಿ, ಎಂದ. ಬೆಂಗಳೂರಿಗೆ ಹೋಗಬೇಕಾದರೆ ಒಂದು ದಿನ ಒಂದು ರಾತ್ರಿ ಬೇಕು, ಅದಕ್ಕಿಂತ ಹತ್ತಿರ, ವಿಮಾನ ಬಂದ ಮೇಲೆ ಜಗತ್ತು ಭಾಳ ಹತ್ತಿರ ಬಂದಿದೆ. ಆಕೆಯ ಮುಖ ಬಿಚ್ಚಿಕೊಂಡದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಮೂರ ತಾಸ? ಎಂದು ಎರಡು ಸಲ ಕೇಳಿ, ಹಗುರಾಗಿ ನಕ್ಕು, ಸಾತವ್ವಗ ಅಂತ ಒಂದು ಡಜನ್ ಹಸಿರು ಬಳೆ ತೆಗೆದಿಟ್ಟು ಹೋದಳು. ಬೇಡವೆಂದರೂ ಕೇಳಲಿಲ್ಲ. ಫೆಬ್ರುವರಿಯಲ್ಲಿ ಹುಡುಗಿಯರ ಸಾಲಿನ ಎರಡನೆಯ ಬೆಂಚಿನಲ್ಲಿ ಬೇರೆ ಯಾರೋ ಸರಿದು ಕೂತರು. ಹಾಜರಿಪಟ್ಟಿಯಲ್ಲಿ ಆ ಹೆಸರನ್ನು ಅವನು ಇನ್ನೂ ಎಂಟು ದಿನ ಕೂಗಿದ. ಆಮೇಲೆ ಬಿಟ್ಟ.

ಎರಡು ಗಂಟೆಗೆ ಶಾಲೆ ಬಿಟ್ಟವನು ಮನೆಗೆ ಹೋಗದೆ ನೇರ ಲಾಲಬಿಯ ಮನೆಗೆ ಹೋದ. ಈ ಸಲ ಸಂದಿ ಹಿಡಿಯಲಿಲ್ಲ. ಅಂಗಳದಲ್ಲಿ ಚಾಪೆ ಹಾಸಿ ಗಂಡಸರು ಕೂತಿದ್ದರು, ಅವನಿಗೂ ಜಾಗ ಮಾಡಿಕೊಟ್ಟರು. ಒಳಗೆ ಮೈ ತೊಳೆಸಿ ಬಿಳಿಯ ಅರಿವೆ ಸುತ್ತಿ ಇಟ್ಟಿದ್ದರು. ಲೋಬಾನದ ಹೊಗೆ ಬಾಗಿಲಿಂದ ಹೊರಗೆ ಬಂದು ಬಿಸಿಲಿಗೆ ಕರಗುತ್ತಿತ್ತು. ಸೋಡಾ ಅಂಗಡಿಯಿಂದ ಬರ್ಫು ತರಿಸಿ ಸುತ್ತಲೂ ಇಟ್ಟಿದ್ದರೆಂದು, ಎರಡನೆಯ ಗಡ್ಡೆಯೂ ಕರಗುತ್ತ ಬಂತೆಂದು ಯಾರೋ ಹೇಳಿದರು. ಹೇಳಿದವರು ಅವನತ್ತ ನೋಡಿ ಹೇಳಿದರೋ ಸುಮ್ಮನೆ ಹೇಳಿದರೋ ತಿಳಿಯಲಿಲ್ಲ. ಕರಗಿದ ನೀರು ಹೊಸ್ತಿಲು ದಾಟಿ ಗಂಡಸರ ಚಪ್ಪಲಿಗಳ ಕಡೆಗೆ ಸಣ್ಣಗೆ ಹರಿದು ಬರುತ್ತಿತ್ತು. ಮೈ ತೊಳೆಸಿದ ಮುದುಕಿ ಜೋಹರಾಬಿ ಹೊರಗೆ ಬಂದು ಗೋಡೆಗೆ ಒರಗಿ ಕೂತು, ಯಾರಿಗೂ ಅಲ್ಲದ ಹಾಗೆ, ಹೊಂಟ ನಿಂತಾಕಿನ್ನ ತಡವಬಾರದು ಎಂದಳು. ಚಾಂದಸಾಬ ಸಿಟ್ಟಾಗಲಿಲ್ಲ. ಮಾಸ್ತರ ಲೆಕ್ಕ ಮಾಡ್ಯಾರ, ಬರ್ತಾಳ ಎಂದು ಮೆತ್ತಗೆ ಹೇಳಿದ. ಧೂಳಪ್ಪ ಕಣ್ಣು ಮುಚ್ಚಿಕೊಂಡ.

ಮಾಸ್ತರ ಲೆಕ್ಕ ಮಾಡ್ಯಾರ. ಈ ಮಾತನ್ನು ಲಾಲಬಿ ಊರೂರಿಗೆ ಒಯ್ದಿದ್ದಳು. ಹೆಣ್ಣುಮಕ್ಕಳ ಕೈ ಹಿಡಿದು ಬಳೆ ಏರಿಸುವಾಗ, ನೋವಾಗದಿರಲೆಂದು ಮಾತಿಗೆ ಎಳೆಯಬೇಕಲ್ಲ, ಆಗ ಇದನ್ನೇ ಹೇಳುತ್ತಿದ್ದಳಂತೆ. ಸಗೀರಾಳ ಮದುವೆಯಾದ ವರ್ಷ ಅವನ ಮನೆಯ ಕಟ್ಟೆಯ ಮೇಲೆ ಕೂತು ಸಾತವ್ವನ ಕೈಗೆ ಬಳೆ ಇಡುತ್ತ, ನಿಮ್ಮ ಶೇವಂತೆವ್ವನ್ನ ತಂಗಡಗಿಗೆ ಕೊಟ್ಟೀರಿ, ಹೋಗಾಕ ಒಂದು ದಿನ ಬರಾಕ ಒಂದು ದಿನ, ನನ್ನ ಮಗಳು ನೋಡ್ರಿ ಮೂರ ತಾಸಿನ್ಯಾಗ ಅದಾಳ ಎಂದು ನಕ್ಕಿದ್ದಳು. ಒಳಗೆ ಪೇಪರು ಓದುತ್ತ ಕೂತಿದ್ದ ಧೂಳಪ್ಪನೂ ನಕ್ಕಿದ್ದ. ಎರಡನೆಯ ವರ್ಷ ಆ ಮಾತು ಕಡಿಮೆಯಾಯಿತು. ಮೂರನೆಯ ವರ್ಷ ಆಕೆ ದಾರಿಯಲ್ಲಿ ಎದುರಾದರೆ ಧೂಳಪ್ಪನೇ ಕೊಡೆ ಬಾಗಿಸಿಕೊಂಡು ಹೋಗತೊಡಗಿದ. ಹೋದ ದಸರೆಯಲ್ಲಿ ತಪ್ಪಿಸಿಕೊಳ್ಳಲಾಗಲಿಲ್ಲ. ಸಾತವ್ವ ಒಳಗೆ ನೀರು ತರಲು ಹೋಗಿದ್ದಳು. ಲಾಲಬಿ ಬುಟ್ಟಿಯ ಅರಿವೆ ಸರಿ ಮಾಡುತ್ತ, ಮೂರ ತಾಸು ಅಂದಿದ್ರಲ್ರಿ ಮಾಸ್ತರ, ಎಂದಳು. ಜಗಳದ ದನಿಯಲ್ಲ. ಪಾಠ ತಿಳಿಯದ ಮಕ್ಕಳು ಇನ್ನೊಮ್ಮೆ ಕೇಳುವ ದನಿ. ರಜೆ, ಪಾಸ್‌ಪೋರ್ಟು, ಕಂಪನಿಯ ಕಾಯಿದೆ ಎಂದು ಅವನು ಏನೇನೋ ಹೇಳಿದ. ಹೌದ್ರಿ, ರಜಾ ಸಿಗಬೇಕಲ್ಲ ಎಂದು ಆಕೆ ಒಪ್ಪಿಕೊಂಡಳು. ಒಪ್ಪಿಕೊಂಡದ್ದೇ ಅವನಿಗೆ ಬಹಳ ದಿನ ಚುಚ್ಚಿತ್ತು.

ತಂಗಡಗಿಗೆ ಹೋಗಿ ಮಗಳನ್ನು ನೋಡಿ ಅವನಿಗೂ ಎರಡು ವರ್ಷವಾಗಿತ್ತು. ಮುದ್ದೇಬಿಹಾಳಕ್ಕೆ ಬಸ್ಸಿದೆ, ಅಲ್ಲಿಂದ ಮುಂದೆ ಇನ್ನೊಂದು ಬಸ್ಸು. ಪಾಸ್‌ಪೋರ್ಟು ಬೇಕಿರಲಿಲ್ಲ.

ನಾಲ್ಕರ ಬಸ್ಸಿಗೆ ಅವನೂ ಚಾಂದಸಾಬನೂ ನಿಲ್ದಾಣಕ್ಕೆ ಹೋದರು. ಬಸ್ಸಿನಿಂದ ಕುರಿಯ ಉಣ್ಣೆಯ ಗಂಟು ಹೊತ್ತ ಇಬ್ಬರು ಇಳಿದರು, ಹೊರ್ತಿಯ ಒಬ್ಬ ಮುದುಕ ಇಳಿದ, ಒಂದು ಮದುವೆಯ ದಿಬ್ಬಣದವರು ಪಾತ್ರೆಗಳ ಸಮೇತ ಇಳಿದರು. ಬುರ್ಖಾ ಹಾಕಿದ ಹೆಂಗಸೊಬ್ಬಳು ಕಿಟಕಿಯಲ್ಲಿ ಕಂಡಾಗ ಚಾಂದಸಾಬ ಎರಡು ಹೆಜ್ಜೆ ಮುಂದೆ ಹೋದ. ಅವಳು ಬೇರೆ ಯಾರೋ, ಇಳಿಯಲೂ ಇಲ್ಲ. ಸಂಜೆಯ ಮುಂಚಿನ ನಮಾಜಿಗೆ ಎತ್ತಬೇಕೆಂದು ಹಿರಿಯರು ಹೇಳಿ ಕಳಿಸಿದ್ದರು. ಚಾಂದಸಾಬ ಧೂಳಪ್ಪನನ್ನು ನೋಡಿದ. ಆರರದಿದೆ, ಎಂದ ಧೂಳಪ್ಪ. ದನಿ ಗಟ್ಟಿಯಾಗಿಯೇ ಇತ್ತು. ನಡುವೆ ಚಾಂದಸಾಬ ಮನೆಗೆ ಹೋಗಿ ಬಂದ, ಧೂಳಪ್ಪ ಹೋಗಲಿಲ್ಲ. ಚಹಾದ ಅಂಗಡಿಯ ಬೆಂಚಿನ ಮೇಲೆ ಕೂತು ಮತ್ತೆ ಮತ್ತೆ ಅದೇ ಲೆಕ್ಕವನ್ನು ಮಾಡಿದ. ಮೈಲು, ತಾಸು, ಗಡಿಯಾರದ ವ್ಯತ್ಯಾಸ. ಲೆಕ್ಕದಲ್ಲಿ ಎಲ್ಲಿಯೂ ತಪ್ಪು ಸಿಗಲಿಲ್ಲ. ಆ ಲೆಕ್ಕದಲ್ಲಿ ಹುಡುಗಿ ಆಕಾಶದಲ್ಲಿ ಹೊರಟ ಒಂದು ಚುಕ್ಕೆ. ಅವಳ ಕೈಯಲ್ಲಿ ಚೀಲವಿಲ್ಲ, ಅವಳು ಸಾಲಿನಲ್ಲಿ ನಿಲ್ಲುವುದಿಲ್ಲ, ಅವಳನ್ನು ಯಾರೂ ತಡೆದು ಏನೂ ಕೇಳುವುದಿಲ್ಲ, ಅವಳಿಗೆ ಮುಂಬಯಿಯಲ್ಲಿ ಯಾವ ಕಡೆ ತಿರುಗಬೇಕೆಂದು ತಿಳಿಯದೆ ಹೋಗುವುದಿಲ್ಲ. ನಕಾಶೆಯ ಮೇಲೆ ಎಲ್ಲ ಊರುಗಳಿಗೂ ಬಾಗಿಲು ತೆರೆದೇ ಇರುತ್ತದೆ. ಇದು ಹೊಳೆದು ಅವನಿಗೆ ಬಾಯಾರಿತು. ನೀರು ಕೇಳಿ ಕುಡಿದ.

ಆರರ ಬಸ್ಸು ಇಪ್ಪತ್ತು ನಿಮಿಷ ತಡವಾಗಿ ಬಂತು. ಕಂಡಕ್ಟರ ಬಸಣ್ಣ ಅವನ ಹಳೆಯ ವಿದ್ಯಾರ್ಥಿ. ಧೂಳಪ್ಪ ಕೇಳುವ ಮೊದಲೇ ಬಸ್ಸು ಖಾಲಿಯಾಗಿತ್ತು. ಮುಂಬಯಿ ರೈಲು ಬಂದಿತ್ತೇನೋ ಎಂದು ಕೇಳಿದ. ಬಂದಿತ್ತು ಸರ್, ಟಾಯಮಿಗೆ ಸರಿಯಾಗಿ ಬಂದಿತ್ತು, ಅದರ ಮಂದಿನ್ನ ಹತ್ತಿಸಿಕೊಂಡ ಬಿಟ್ಟೀವಿ, ಎಂದ ಬಸಣ್ಣ. ಒಂಟಿ ಹೆಣ್ಣುಮಗಳು ಯಾರೂ ಇರಲಿಲ್ಲ. ಸೂರ್ಯ ಹತ್ತಿಯ ಗಿರಣಿಯ ಚಿಮಣಿಯ ಹಿಂದೆ ಇಳಿಯುತ್ತಿದ್ದ. ಚಾಂದಸಾಬ ಅವನ ಪಕ್ಕಕ್ಕೆ ಬಂದು ನಿಂತ. ದಣಿದು ಅವನ ಮುಖ ಮಣ್ಣಿನ ಬಣ್ಣವಾಗಿತ್ತು. ಒಂದು ಬೈಗುಳ ಅಂದಿದ್ದರೆ ಚೆನ್ನಾಗಿತ್ತು. ಹದಿಮೂರು ತಾಸು ಅಕ್ಕನ ಹೆಣವನ್ನು ಬರ್ಫಿನ ನಡುವೆ ಇಟ್ಟುಕೊಂಡವನು ಕೈ ಎತ್ತಿದ್ದರೂ ಸರಿ ಎನ್ನಿಸುತ್ತಿತ್ತು.

“ಈಗ ಹೇಳ್ರಿ ಮಾಸ್ತರ,” ಅಂದ ಚಾಂದಸಾಬ. “ಏನ ಮಾಡೂಣು?”

ಅವನು ಇನ್ನೂ ತನ್ನನ್ನೇ ಕೇಳುತ್ತಿದ್ದಾನೆ ಎಂಬುದನ್ನು ಧೂಳಪ್ಪನಿಗೆ ತಡೆಯಲಾಗಲಿಲ್ಲ. ಗೋಡೆಯ ಮೇಲೆ ಅಂಟಿಸಿದ್ದ ಹಳೆಯ ಚುನಾವಣೆಯ ಕಾಗದ ಅರ್ಧ ಹರಿದು ಗಾಳಿಗೆ ಪಟಪಟ ಎನ್ನುತ್ತಿತ್ತು. ಅದನ್ನೇ ನೋಡಿದ. ಕಾಯಲು ಹೇಳಿದವನು ತಾನು, ಸಾಕೆಂದು ಹೇಳಬೇಕಾದವನೂ ತಾನೇ. ಈ ಒಂದು ಮಾತನ್ನಾದರೂ ಬೇರೆಯವರ ಬಾಯಿಗೆ ದಾಟಿಸಬಾರದು.

“ಮಣ್ಣ ಮಾಡ್ರಿ ಚಾಂದಸಾಬ,” ಅಂದ. “ಆಕಿ ಬರೂದಿಲ್ಲ. ನನ್ನ ಲೆಕ್ಕ ತಪ್ಪೈತಿ.”

ಮುಳುಗುವ ಹೊತ್ತಿನ ನಮಾಜಾದ ಮೇಲೆ ಎತ್ತಿದರು. ಧೂಳಪ್ಪ ಹಿಂದಿನ ಸಾಲಿನಲ್ಲಿ ನಡೆದ. ಎರಡು ಹೆಜ್ಜೆಗೊಬ್ಬರಂತೆ ಹೆಗಲು ಬದಲಾಗುತ್ತಿತ್ತು. ಒಮ್ಮೆ ಅವನ ಹೆಗಲಿಗೂ ಬಂತು. ಬೇಡವೆನ್ನುತ್ತಾರೆಂದುಕೊಂಡಿದ್ದ, ಯಾರೂ ಬೇಡವೆನ್ನಲಿಲ್ಲ. ಬಳೆಯ ಬುಟ್ಟಿ ಹೊತ್ತು ಹೊತ್ತು ಕುಗ್ಗಿದ ಆ ಹೆಂಗಸು ಅಷ್ಟು ಹಗುರವಾಗಿದ್ದಳು. ಕಬರಸ್ತಾನದಲ್ಲಿ ಎಲ್ಲರಂತೆ ಮೂರು ಸಲ ಮಣ್ಣು ಹಾಕಿದ. ಮಣ್ಣು ಇನ್ನೂ ಬೆಚ್ಚಗಿತ್ತು. ಮನೆಗೆ ಬಂದಾಗ ಸಾತವ್ವ ಬಚ್ಚಲಲ್ಲಿ ನೀರು ಇಟ್ಟಿದ್ದಳು. ಅವನು ಉಣ್ಣಲಿಲ್ಲ.

ಬುಧವಾರ ಶಾಲೆಗೆ ಹೋಗಲಿಲ್ಲ. ಚೀಟಿ ಕೂಡ ಕಳಿಸಲಿಲ್ಲ. ಬೆಳಿಗ್ಗೆ ಏಳಕ್ಕೇ ಬಸ್ ನಿಲ್ದಾಣಕ್ಕೆ ಹೋಗಿ ನಿನ್ನೆಯ ಬೆಂಚಿನ ಮೇಲೆ ಕೂತ. ಯಾರೂ ಅವನಿಗೆ ಹೋಗೆಂದು ಹೇಳಿರಲಿಲ್ಲ. ಚಾಂದಸಾಬನ ಮನೆಯವರು ಮೂರನೆಯ ದಿನದ ಸಿದ್ಧತೆಯಲ್ಲಿದ್ದರು. ಹುಡುಗಿ ಯಾವಾಗ ಬಂದರೂ ಇನ್ನು ಒಂದೇ ಎಂದುಕೊಂಡಿದ್ದರೋ ಏನೋ. ಎಂಟರ ಬಸ್ಸು ಬಂದು ಹೋಯಿತು, ಒಂಬತ್ತೂವರೆಯದು ಬಂದು ಹೋಯಿತು. ಬರುವವಳಿಗೆ ಏನು ಹೇಳಬೇಕೆಂದು ಅವನು ಮಾತು ಜೋಡಿಸುತ್ತಿದ್ದ. ಜೋಡಿಸಿದ್ದೆಲ್ಲ ತರಗತಿಯ ಮಾತಿನ ಹಾಗೆ ಕೇಳುತ್ತಿತ್ತು. ಬಿಟ್ಟುಬಿಟ್ಟ.

ಹನ್ನೊಂದಕ್ಕೆ ಸ್ವಲ್ಪ ಮುಂಚೆ ಬಂದ ಬಸ್ಸಿನ ಹಿಂದಿನ ಬಾಗಿಲಿಂದ ಸಗೀರಾ ಇಳಿದಳು. ಅವನು ಕೂಡಲೇ ಗುರುತಿಸಲಿಲ್ಲ. ಹದಿನೇಳರ ಹುಡುಗಿಯನ್ನು ಹುಡುಕುತ್ತಿದ್ದ. ಇಳಿದವಳು ಮೂವತ್ತರ ಹೆಂಗಸಿನ ಹಾಗೆ ಕಂಡಳು. ಬುರ್ಖಾದ ಮುಸುಕು ಹಿಂದಕ್ಕೆ ಸರಿದಿತ್ತು, ಕಣ್ಣಿನ ಕೆಳಗೆ ಕಪ್ಪಿತ್ತು, ಕೈಯಲ್ಲಿ ವಿಮಾನ ಕಂಪನಿಯ ಚೀಟಿ ಕಟ್ಟಿದ ಒಂದು ನೀಲಿ ಚೀಲ. ಅವಳು ಅವನನ್ನು ಕಂಡಳು, ಕಂಡು ನಿಂತಳು. ಮಾಮ ಬರದೆ ಮಾಸ್ತರ ಬಂದು ನಿಂತದ್ದರಲ್ಲೇ ಅವಳಿಗೆ ಅರ್ಧ ತಿಳಿದಿರಬೇಕು.

“ಅವ್ವ?” ಅಂದಳು.

“ನಿನ್ನಿ ನಸಿಕಿನ್ಯಾಗ ಹೋದ್ಲವ್ವ.”

“ಮಣ್ಣು?”

“ನಿನ್ನಿ ಸಂಜಿಗೆ ಆತು.”

ಅವಳು ಚೀಲವನ್ನು ನೆಲದ ಮೇಲೆ ಇಟ್ಟಳು. ಅಳಲಿಲ್ಲ. ಬಸ್ಸು ಹಿಂದಕ್ಕೆ ಹೊರಳುತ್ತಿತ್ತು, ಕ್ಲೀನರು ತಗಡು ಬಡಿಯುತ್ತಿದ್ದ, ಅವರಿಬ್ಬರೂ ಸರಿದು ನಿಲ್ಲಬೇಕಾಯಿತು. ಬೇವಿನ ಗಿಡದ ಕೆಳಗೆ ನಿಂತು ಅವಳು ತಾನು ಬಂದ ಬಗೆಯನ್ನು ಹೇಳಿದಳು. ತಪ್ಪಿನ ಲೆಕ್ಕ ಕೇಳಿದವರಿಗೆ ಒಪ್ಪಿಸುವ ಹಾಗೆ ಒಂದೊಂದಾಗಿ ಹೇಳಿದಳು. ವಿಮಾನವನ್ನು ದಾರಿಯಲ್ಲಿ ಎಲ್ಲೋ ಇಳಿಸಿ ಆರು ತಾಸು ಕೂಡಿಸಿದರು, ಯಾಕೆಂದು ಹೇಳಲಿಲ್ಲ. ಮುಂಬಯಿಯಲ್ಲಿ ಇಳಿದಾಗ ಹೊತ್ತು ಏರಿತ್ತು. ಒಂಟಿ ಹೆಂಗಸು, ಗಂಡ ಎಲ್ಲಿ ಎಂದು ಕೇಳಿ ಕೇಳಿ ಮಧ್ಯಾಹ್ನದವರೆಗೆ ನಿಲ್ಲಿಸಿದರು. ಚೀಲ ಬಿಚ್ಚಿಸಿದರು. ಸ್ಟೇಷನ್ನಿಗೆ ಹೋಗುವುದು ಹೇಗೆಂದು ಕೇಳಲು ಅವಳಿಗೆ ಹಿಂದಿ ಬಂದರೂ ಬಾಯಿ ಬರಲಿಲ್ಲ. ಬೆಳಗಿನ ರೈಲು ಹೋಗಿಯೇಬಿಟ್ಟಿತ್ತು, ರಾತ್ರಿಯದಕ್ಕೆ ಕೂತು ಬಂದಳು. ಧೂಳಪ್ಪ ಕೇಳುತ್ತ ನಿಂತ. ಪ್ರತಿ ಮಾತಿಗೂ ನಿನ್ನೆಯ ಅಂಗಳದ ಒಂದೊಂದು ತಾಸು ಅವನಿಗೆ ತಿರುಗಿ ಬರುತ್ತಿತ್ತು.

“ಕಾಯ್ದ್ರೇನ್ರಿ ನನ್ನ ಸಲುವಾಗಿ?” ಎಂದು ಕಡೆಗೆ ಕೇಳಿದಳು.

“ಕಾಯ್ದ್ರು. ನಾನ ಕಾಯಿಸಿದೆ,” ಅಂದ. ಆಮೇಲೆ, ನಿಲ್ಲಿಸಿದರೆ ಇನ್ನು ಯಾವತ್ತೂ ಹೇಳಲಾಗುವುದಿಲ್ಲ ಎನ್ನಿಸಿ, “ಅವತ್ತ ನಿಮ್ಮವ್ವಗ ಮೂರ ತಾಸು ಅಂತ ಹೇಳಿದಾವನೂ ನಾನ. ನೀ ಹೇಳಂದದ್ದು ಹೇಳಲಿಲ್ಲ,” ಅಂದ.

ಅವಳು ಅವನ ಮುಖವನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿದೆಯೇ ಎಂದು ಅವನು ಹುಡುಕಿದ. ದಣಿವಿತ್ತು. ಅದು ಅವನದಕ್ಕಿಂತ ದೊಡ್ಡ ದಣಿವು, ಅವನಿಗೆ ಅದರಲ್ಲಿ ಜಾಗವಿರಲಿಲ್ಲ.

“ಗೊತ್ತೈತ್ರಿ ಸರ್. ಪ್ರತಿ ಪತ್ರದಾಗ ಬರಸ್ತಿದ್ಲು. ಮೂರ ತಾಸ ಐತಿ, ಒಮ್ಮಿ ಬಂದ ಹೋಗಬಾರದೇನ ಅಂತ,” ಅಂದಳು. “ನಾನೂ ಹಾಂಗ ತಿಳಕೊಂಡಿದ್ದೆ. ಪಾಸ್‌ಪೋರ್ಟ್ ನನ್ನ ಕೈಯಾಗ ಇರತಿರಲಿಲ್ಲ.” ಆಮೇಲೆ, ಬೇರೆ ಯಾರಿಗೂ ಹೇಳಲಾಗದ್ದನ್ನು ಹೇಳುವ ಹಾಗೆ ದನಿ ತಗ್ಗಿಸಿ, “ವಿಮಾನದಾಗ ಊಟ ಕೊಟ್ರು. ಉಂಡೆ ನಾನು. ಹಸಿವ್ಯಾಗಿತ್ತು. ಎಲ್ಲಾ ಉಂಡೆ,” ಎಂದಳು.

ಮನೆಗೆ ಹೋಗೋಣ, ಮಾಮ ಕಾಯುತ್ತಿರುತ್ತಾನೆ ಎಂದು ಅವನು ಚೀಲ ಎತ್ತಿಕೊಂಡ. ಅವಳು ಮೊದಲು ಅಲ್ಲಿಗೆ ಹೋಗಬೇಕೆಂದಳು. ಹೆಂಗಸರು ಒಳಗೆ ಹೋಗುವ ಪದ್ಧತಿಯಿಲ್ಲವೆಂದು ಅವಳಿಗೆ ಗೊತ್ತಿತ್ತು. ಹೊರಗಿಂದಲೇ ನೋಡುತ್ತೇನೆ ಎಂದಳು. ಇಬ್ಬರೂ ಊರ ಹೊರಗಿನ ಹಾದಿ ಹಿಡಿದರು. ಅವಳು ನಾಲ್ಕು ಹೆಜ್ಜೆ ಹಿಂದೆ ನಡೆದಳು. ದಾರಿಯಲ್ಲಿ ಇಬ್ಬರು ಮೂವರು ನಿಂತು ನೋಡಿದರು. ಮಾಸ್ತರರು ಒಬ್ಬ ಮುಸಲ್ಮಾನ ಹೆಣ್ಣುಮಗಳ ಚೀಲ ಹೊತ್ತು ಹೋಗುತ್ತಿದ್ದಾರೆ ಎಂದು ಅವರು ಅಂದುಕೊಂಡರೆ ಅಂದುಕೊಳ್ಳಲಿ ಎನ್ನಿಸುವಷ್ಟೂ ಅವನಿಗೆ ಅನ್ನಿಸಲಿಲ್ಲ. ಚೀಲ ಭಾರವಿತ್ತು. ಬಿಸಿಲು ನೆತ್ತಿಗೆ ಬಂದಿತ್ತು.

ಕಬರಸ್ತಾನದ ಗೋಡೆ ಎದೆಯೆತ್ತರದ ಕಲ್ಲಿನದು. ಅವಳು ಅದರ ಮೇಲೆ ಎರಡೂ ಕೈ ಇಟ್ಟು ನಿಂತಳು. ಒಳಗೆ ಜಾಲಿ, ಒಣಹುಲ್ಲು, ಕಲ್ಲುಗಳು. ಈ ಬೇಸಗೆಯಲ್ಲಿ ಸತ್ತವರು ಬಹಳ ಮಂದಿ. ಹೊಸ ಮಣ್ಣಿನ ದಿಬ್ಬಗಳು ಐದಾರು ಇದ್ದವು, ಎಲ್ಲವೂ ಒಂದೇ ಬಣ್ಣ, ಒಂದೇ ಉದ್ದ.

“ಯಾವದ್ರಿ?” ಎಂದು ಕೇಳಿದಳು.

ಅವನು ಕೈ ಎತ್ತಿ ತೋರಿಸಲು ಹೋದ. ಆ ಜಾಲಿಯ ಎಡಕ್ಕೆ, ಅಲ್ಲಿಂದ ಮೂರನೆಯದು, ಇಲ್ಲ, ಆ ಬಿಳಿಯ ಕಲ್ಲಿನ ಈಚೆಗೆ. ಅವಳು ಬೆರಳಿನ ನೇರಕ್ಕೆ ನೋಡಿದಳು, ತಲೆ ಅಲ್ಲಾಡಿಸಿದಳು. ಮತ್ತೆ ಹೇಳಿದ. ಅವಳಿಗೆ ಸಿಗಲಿಲ್ಲ. ಅವಳ ಕಣ್ಣು ಒಂದು ದಿಬ್ಬದಿಂದ ಇನ್ನೊಂದಕ್ಕೆ ಹೋಗಿ ಮತ್ತೆ ಮೊದಲನೆಯದಕ್ಕೆ ಬಂತು. ಧೂಳಪ್ಪ ಚೀಲವನ್ನು ಗೋಡೆಯ ಮೇಲಿಟ್ಟ. ಚಪ್ಪಲಿ ಕಳಚಿದ. ಗೇಟು ದೂರವಿತ್ತು, ಸುತ್ತಿ ಬಂದು ಒಳಗೆ ಹೋದ. ಕಾದ ನೆಲ ಅಂಗಾಲಿಗೆ ಚುರುಕೆನ್ನುತ್ತಿತ್ತು, ಜಾಲಿಯ ಮುಳ್ಳು ತಪ್ಪಿಸುತ್ತ, ಕಲ್ಲುಗಳ ನಡುವೆ ದಾರಿ ಮಾಡಿಕೊಳ್ಳುತ್ತ ನಡೆದು, ನಿನ್ನೆ ತಾನು ಮಣ್ಣು ಹಾಕಿದ ಜಾಗಕ್ಕೆ ಹೋಗಿ, ಲಾಲಬಿಯ ಕಾಲಕಡೆಗೆ ನಿಂತು, ಹೊರಳಿದ.

ಗೋಡೆಯ ಮೇಲೆ ಅವಳ ತಲೆಯೂ ಎರಡು ಕೈಗಳೂ ಕಾಣುತ್ತಿದ್ದವು. ಅವಳು ಅವನನ್ನು ನೋಡಿದಳು, ಆಮೇಲೆ ಅವನ ಮುಂದಿನ ನೆಲವನ್ನು ನೋಡಿದಳು. ನೋಡುತ್ತಲೇ ಇದ್ದಳು. ಅವನು ಅಲ್ಲಾಡಿದರೆ ಅವಳಿಗೆ ಮತ್ತೆ ಜಾಗ ತಪ್ಪುತ್ತದೆ. ಅಂಗಾಲು ಸುಡುತ್ತಿದ್ದರೂ ಅವನು ಕೈ ಕೆಳಗೆ ಬಿಟ್ಟು, ಬಿಸಿಲಿನಲ್ಲಿ, ಅವಳು ನೋಡಿ ಮುಗಿಸುವವರೆಗೆ ನಿಂತೇ ಇದ್ದ.